ನೀಲಿ ಗುಂಡುಸೂಜಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬಾಟಲಿಯಕ್ಕ ಎಂದೇ ಕರೆಯುತ್ತಾರೆ. ಊರೂರಿಂದ ಪೆಟ್ಟಿಗೆಗಳಲ್ಲಿ ಬರುವ ಮೂತ್ರದ ಬಾಟಲಿಗಳನ್ನು ಹೊರಗೆ ತೆಗೆದು, ಮುಚ್ಚಳ ಸೋರಿದೆಯೇ ಎಂದು ನೋಡಿ, ನಂಬರಿನ ಚೀಟಿ ಅಂಟಿಸಿ ಫ್ರಿಜ್ಜಿಗೆ ಸೇರಿಸುವುದು ಅವಳ ಕೆಲಸ. ಮೂಗು ಸತ್ತು ಯಾವ ಕಾಲವಾಯಿತೋ ಎಂದು ತಾನೇ ನಗುತ್ತಾಳೆ.

ಹೆತ್ತವರು ಯಾರೆಂದು ಅವಳಿಗೆ ಗೊತ್ತಿಲ್ಲ. ನಾಲ್ಕು ದಿಕ್ಕಿನ ರೈಲುಗಳು ಕೂಡುವ ನಿಲ್ದಾಣದಲ್ಲಿ, ಬೆಂಚಿನ ಕೆಳಗೆ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಹಸುಗೂಸು ಅವಳು. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಎತ್ತಿಕೊಂಡು ಹೋಗಿ ಸಾಕಿದಳು. ಅವಳನ್ನೇ ಅಮ್ಮ ಎಂದು ಕರೆದು ಬೆಳೆದದ್ದು. ಅಮ್ಮ ಊಟಕ್ಕೂ ಕಡಿಮೆ ಮಾಡಲಿಲ್ಲ, ಏಟಿಗೂ ಕಡಿಮೆ ಮಾಡಲಿಲ್ಲ. ಹಾಲು ಉಕ್ಕಲಿ, ಲೋಟ ಒಡೆಯಲಿ, ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು: "ಹೋಗು, ನಿನ್ನೂರಿಗೆ ಹೋಗು." ಹುಡುಗಿ ಹೊಸ್ತಿಲವರೆಗೆ ಹೋಗಿ ನಿಲ್ಲುತ್ತಿದ್ದಳು. ಎಡಕ್ಕೆ ತಿರುಗಬೇಕೋ ಬಲಕ್ಕೋ ತಿಳಿಯದೆ ವಾಪಸು ಬರುತ್ತಿದ್ದಳು. ಆ ಹೊಸ್ತಿಲು ಮದುವೆಯಾದ ಮೇಲೂ, ಅಮ್ಮ ಸತ್ತ ಮೇಲೂ ಅವಳ ಕಾಲು ಬಿಡಲಿಲ್ಲ.

ಹೋದ ವರ್ಷ ಪ್ರಯೋಗಾಲಯಕ್ಕೆ ಹೊಸದಾಗಿ ಒಬ್ಬ ಸಂಶೋಧಕಿ ಬಂದರು. ಎಲ್ಲರ ಪಾಲಿಗೂ ಅವರು ಮೇಡಂ. ಗೋಡೆಗೆ ದೊಡ್ಡದೊಂದು ನಕ್ಷೆ ತೂಗುಹಾಕಿ ಅದರಲ್ಲಿ ಬಣ್ಣದ ಗುಂಡುಸೂಜಿ ಚುಚ್ಚತೊಡಗಿದರು. ಜೆಸಿ ಎಂಬ ವೈರಸ್ ಒಂದಿದೆಯಂತೆ. ಬಹಳಷ್ಟು ಜನರ ಮೂತ್ರಪಿಂಡದಲ್ಲಿ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಸುಮ್ಮನೆ ಕೂತಿರುತ್ತದೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆಗಾಗ ಮೂತ್ರದಲ್ಲಿ ಇಳಿಯುತ್ತದೆ. ಒಂದೊಂದು ಸೀಮೆಯಲ್ಲಿ ಅದರ ಒಂದೊಂದು ತಳಿ. ಜನ ವಲಸೆ ಹೋದರೆ ಅದೂ ಜೊತೆಗೇ ಹೋಗುತ್ತದೆ. ಬೆಟ್ಟದ ಕಡೆಯದಕ್ಕೆ ಕೆಂಪು ಸೂಜಿ, ಬಯಲಿಗೆ ಹಳದಿ, ಸಮುದ್ರದ ದಂಡೆಗೆ ನೀಲಿ.

ಚೀಟಿ ಅಂಟಿಸುತ್ತಲೇ ಬಾಟಲಿಯಕ್ಕ ಕೆಲವು ವಾರ ಇದನ್ನೆಲ್ಲ ಕೇಳಿಸಿಕೊಂಡಳು. ಆಮೇಲೊಂದು ದಿನ ಮಧ್ಯಾಹ್ನ ಮೇಡಂ ಮೇಜಿನ ಮುಂದೆ ಹೋಗಿ ನಿಂತಳು. ತನ್ನದೂ ಒಂದು ಬಾಟಲಿ ನೋಡಬೇಕು ಎಂದಳು. ನಿಮ್ಮ ಊರು ಯಾವುದು ಎಂದು ಮೇಡಂ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು.

"ಅದನ್ನ ನೀವೇ ಹೇಳ್ಬೇಕು ಮೇಡಂ. ರೈಲ್ವೆ ಸ್ಟೇಷನ್ನಲ್ಲಿ ಸಿಕ್ಕಿದವಳು ನಾನು. ಯಾವ ದಿಕ್ಕಿಗೆ ತಿರುಗಿ ಅಳ್ಬೇಕು ಅಂತಾದ್ರೂ ಗೊತ್ತಾಗ್ಲಿ."

ಆರೇಳು ವರ್ಷದವಳಿದ್ದಾಗ ಜನಜಂಗುಳಿಯಲ್ಲಿ ತಪ್ಪಿಹೋಗಿರಬೇಕು ಎಂದುಕೊಂಡರು ಮೇಡಂ. ಕೇಳಿದರೆ ನೋಯಿಸಿದ ಹಾಗಾದೀತೆಂದು ವಯಸ್ಸು ಕೇಳಲಿಲ್ಲ. ಬಾಟಲಿ ಇಸಿದುಕೊಂಡರು.

ಬಾಟಲಿಯಕ್ಕನ ಗಂಡ ಬೀದಿ ಬದಿಯ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ದರ್ಜಿ. ವಿಷಯ ಕೇಳಿ ಬಾಯಲ್ಲಿದ್ದ ದಾರ ತೆಗೆದು, "ಉಚ್ಚೆ ನೋಡಿ ಊರು ಹೇಳ್ತಾರಾ? ಹಂಗಾದ್ರೆ ಬೆವರು ನೋಡಿ ಬೀದಿ ಹೆಸರೂ ಹೇಳ್ಲಿ" ಎಂದ. ಅವಳೂ ನಕ್ಕಳು.

ಫಲಿತಾಂಶ ಬಂತು. ನೀಲಿ. ನಕ್ಷೆಯ ದಂಡೆಯ ಮೇಲೆ ಮೇಡಂ ಅವಳ ಕೈಯಿಂದಲೇ ಸೂಜಿ ಚುಚ್ಚಿಸಿದರು.

ಆಮೇಲಿನ ದಿನಗಳಲ್ಲಿ ಅವಳ ನಡಿಗೆಯೇ ಬದಲಾಯಿತು. ದಂಡೆಯ ಊರುಗಳ ಪೆಟ್ಟಿಗೆ ಬಂದರೆ ಬಾಟಲಿಗಳನ್ನು ಒಂದೊಂದಾಗಿ ಮೆಲ್ಲಗೆ ಎತ್ತಿಡುತ್ತಿದ್ದಳು, ಯಾರಿಗೆ ಗೊತ್ತು, ಒಡಹುಟ್ಟಿದವರದೇ ಇರಬಹುದು. ರಜೆ ಕೇಳಿಟ್ಟಳು. ಸಮುದ್ರ ನೋಡಿ ಬರೋಣವೆಂದು ಗಂಡನನ್ನು ಒಪ್ಪಿಸಿದಳು. ಅಮ್ಮನ ಮೇಲಿದ್ದ ಸಿಟ್ಟೂ ಸಡಿಲವಾಯಿತು. ಅಮ್ಮನ ತವರೂ ಸಮುದ್ರದ ಕಡೆಯದೇ. ನಮ್ಮ ಕಡೆಯ ಕೂಸು ಎಂದು ಟವೆಲ್ಲಿನಲ್ಲೋ ಮುಖದಲ್ಲೋ ಗುರುತು ಹಿಡಿದೇ ಎತ್ತಿಕೊಂಡಿದ್ದಾಳೆ, ಇಲ್ಲದಿದ್ದರೆ ದಿನಕ್ಕೆ ನೂರು ಸಲ ಬೈಯುವವಳು ಯಾಕೆ ಸಾಕುತ್ತಿದ್ದಳು? ಇದು ಹೊಳೆದ ದಿನ ತಡೆಯಲಾರದೆ ಓಡಿಹೋಗಿ ಮೇಡಂಗೆ ಹೇಳಿದಳು.

ಮೇಡಂ ಕನ್ನಡಕ ತೆಗೆದರು. ನಿಮ್ಮನ್ನು ಎತ್ತಿಕೊಂಡಾಗ ಎಷ್ಟು ವಯಸ್ಸು ಎಂದು ಈಗ ಕೇಳಿದರು. ಹೊಕ್ಕುಳ ಬಳ್ಳಿ ಇನ್ನೂ ಉದುರಿರಲಿಲ್ಲವಂತೆ ಎಂದಳು ಅವಳು.

ಮೇಡಂ ತಡೆತಡೆದು ಹೇಳಿದರು. ಆ ವೈರಸ್ ರಕ್ತಸಂಬಂಧ ನೋಡಿ ಬರುವುದಿಲ್ಲ. ಹುಟ್ಟಿದಾಗಲೇ ಇರುವಂಥದ್ದೂ ಅಲ್ಲ. ಚಿಕ್ಕಂದಿನಲ್ಲಿ ಜೊತೆಗೆ ಬದುಕಿದವರಿಂದ, ಹೆಚ್ಚಾಗಿ ಮನೆಯವರಿಂದ ಅಂಟುತ್ತದೆ. ನೀಲಿ ಸೂಜಿ ತೋರಿಸುತ್ತಿರುವುದು ಬಹುಶಃ ಸಾಕಿದವಳ ಊರನ್ನು. ಸಿಕ್ಕಾಗಿನ ವಯಸ್ಸನ್ನು ತಾನು ಮೊದಲೇ ಕೇಳಬೇಕಿತ್ತು ಎಂದರು.

ಬಾಟಲಿಯಕ್ಕ ನಕ್ಷೆಯನ್ನು ನೋಡುತ್ತ ನಿಂತಳು.

"ಹೆತ್ತವಳ ಹತ್ರ ನಾಲ್ಕೈದು ವರ್ಷ ಇದ್ದಿದ್ರೆ?"

"ಅವರದ್ದು ಬರ್ತಿತ್ತೇನೋ."

"ಅಂದ್ರೆ ಒಂದು ರೋಗ ಅಂಟೋವಷ್ಟು ಹೊತ್ತೂ ಇಟ್ಕೊಳ್ಳಲಿಲ್ಲ."

ಬೇರೆ ಪರೀಕ್ಷೆಗಳಿವೆ ಎಂದರು ಮೇಡಂ. ಆದರೆ ಅದಕ್ಕೆ ಹೋಲಿಸಿ ನೋಡಲು ಆ ಕಡೆಯಿಂದಲೂ ಯಾರಾದರೂ ಹುಡುಕುತ್ತಿರಬೇಕು ಎಂದು ತಾವೇ ಸೇರಿಸಿದರು. ಅವಳು ಹೋಗಿ, ಆ ದಿನ ಬಂದಿದ್ದ ಪೆಟ್ಟಿಗೆ ಬಿಚ್ಚಿ ಚೀಟಿ ಅಂಟಿಸಲು ಕೂತಳು. ಅದರಲ್ಲಿದ್ದವೆಲ್ಲ ದಂಡೆಯ ಬಾಟಲಿಗಳು. ಸಂಜೆ ಹೊರಡುವ ಮುಂಚೆ ರಜೆ ಬೇಡವೆಂದು ಹೇಳಿದಳು.

ಮನೆ ತಲುಪಿ ಚಪ್ಪಲಿ ಬಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು, ಬೀದಿಗೆ ಮುಖ ಮಾಡಿ. ಎಡಕ್ಕೆ ಔಷಧಿ ಅಂಗಡಿ, ಬಲಕ್ಕೆ ನೀರಿನ ಟ್ಯಾಂಕು. ಒಳಗೆ ಗಂಡ ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದ.

"ಬೆಳಕಿಗೆ ಅಡ್ಡ ನಿಂತಿದೀಯ ಮಾರಾಯ್ತಿ. ಬಂದ್ರೆ ಒಳಗೆ ಬಾ, ಹೋದ್ರೆ ಹೋಗು" ಎಂದ, ತಲೆ ಎತ್ತದೆ.

ಅವಳು ಒಳಗೆ ಬಂದಳು.