ಎಂಟು ಮೀಟರ್ ಕೇಬಲ್

ತಂತಿಯಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯೋಗ್ಯತೆ ಇದ್ದವರು ಯಾರೂ ಬರೆಯುವ ಹಾಗೆ ಕಾಣುವುದಿಲ್ಲ. ಊರಿನ ನೀರಿನ ಕೊಳವೆಗಳ ನಕ್ಷೆ ತಯಾರಿಸುವ ನಮ್ಮ ಕಚೇರಿಯಲ್ಲಿ ಅವರು ಇಪ್ಪತ್ತೆರಡು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದರು. ನಾನು ಅಲ್ಲಿ ನಕ್ಷೆ ಬರೆಯುವವಳು. ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೆ ಬೇರೆ ಇತ್ತು, ಆದರೆ ಹಾಜರಿ ಪುಸ್ತಕದಿಂದ ಅದು ಹೊರಗೆ ಬಂದದ್ದೇ ಇಲ್ಲ.

ಕುಳ್ಳಗಿನ ಮನುಷ್ಯ, ಮಂಡಿ ಸವೆದ ಪ್ಯಾಂಟು. ದಿನದ ಅರ್ಧ ಹೊತ್ತು ಮೇಜುಗಳ ಕೆಳಗೇ ಇರುತ್ತಿದ್ದರಿಂದ ಅವರಿಗೆ ನಮ್ಮ ಮುಖಗಳಿಗಿಂತ ಚಪ್ಪಲಿಗಳ ಗುರುತು ಚೆನ್ನಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಮೇಜು ಸರಿಸಲು ಹೋಗಿ ಮಾನಿಟರಿನ ಕೇಬಲನ್ನು ಜಗ್ಗಿ ಎಳೆದೆ. ಕೆಳಗಿನಿಂದಲೇ ಕೂಗಿದರು: "ಏ ತಂಗಿ, ಅದೇನು ಎತ್ತಿನ ಮೂಗುದಾರಾನಾ? ಅದು ಡಿಸ್‌ಪ್ಲೇಪೋರ್ಟು. ಮೇಲೊಂದು ಗುಂಡಿ ಇದೆ ನೋಡು, ಅದನ್ನ ಒತ್ತಿದ್ರೆ ಒಳಗಿನ ಕೊಕ್ಕೆ ಬಿಡುತ್ತೆ. ಒತ್ತದೆ ಎಳೆದ್ರೆ ಮಾನಿಟರಿನ ಕಿವೀನೇ ಕಿತ್ತು ಬರುತ್ತೆ."

ಅವತ್ತು ತಮ್ಮ ಡ್ರಾಯರು ತೆಗೆದು ಒಂದು ಗಂಟೆ ಪಾಠ ಮಾಡಿದರು. ನೀಲಿ ಮೂತಿಯ ಹಳೆಯ ವಿಜಿಎ, ಎರಡೂ ಬದಿ ತಿರುಪು ಬಿಗಿಯದಿದ್ದರೆ ಪರದೆಗೆ ಕಾಮಾಲೆ ಬಂದಂತೆ ಹಳದಿಯಾಗುತ್ತದೆ. ಬಿಳಿಯ ಅಗಲ ಮೂತಿಯ ಡಿವಿಐ, ಅದರಲ್ಲಿ ನಡುವಿನ ಪಿನ್ನುಗಳು ಇದ್ದದ್ದು ಒಂದು, ಇಲ್ಲದ್ದು ಇನ್ನೊಂದು. ಕೊನೆಗೆ ಎಚ್‌ಡಿಎಂಐ. "ಇದನ್ನ ಮಾತ್ರ ನಂಬಬೇಡ. ಎಲ್ಲದರ ಮೂತೀನೂ ಒಂದೇ, ಎಲ್ಲಿ ಬೇಕಾದ್ರೂ ಸಿಕ್ಕಿಸಬಹುದು. ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ. ಒಳಗಿನ ತಂತಿ ಎಷ್ಟು ಹೊರುತ್ತೆ ಅನ್ನೋದು ಮೇಲಿಂದ ಕಾಣಲ್ಲ." ನಾನು ತಲೆಯಾಡಿಸಿದೆ. ಅರ್ಥವಾಗಿದ್ದು ಅರ್ಧವೇ.

ಎರಡನೇ ವರ್ಷ ಕಚೇರಿಗೆ ಹೊಸ ದೊಡ್ಡ ಮಾನಿಟರುಗಳು ಬಂದವು. ತಂದವನು ಖರೀದಿ ವಿಭಾಗದವನು, ತಂತಿಯಣ್ಣನ ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದ್ದು, ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದ್ದು ಎಲ್ಲ ಇವರೇ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಎನ್ನುವುದಕ್ಕೆ ನಾನು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ನಮ್ಮಲ್ಲಿ ಕಂಪ್ಯೂಟರುಗಳೆಲ್ಲ ಧೂಳು ಬೀಳದ ಹಾಗೆ ಒಂದು ಮೂಲೆಯ ಗಾಜಿನ ಬೀರುವಿನಲ್ಲಿದ್ದವು, ಅಲ್ಲಿಂದ ಮೇಜುಗಳಿಗೆ ಎಂಟು ಮೀಟರ್ ಉದ್ದದ ಕೇಬಲ್ ಎಳೆಯಬೇಕಿತ್ತು. ಭಾಮೈದ ಪರದೆಗಳನ್ನು ಒಳ್ಳೆಯವನ್ನೇ ತಂದಿದ್ದ. ಎಚ್‌ಡಿಎಂಐ ಕೇಬಲುಗಳನ್ನು ಮಾತ್ರ ಸಿಕ್ಕಿದಲ್ಲಿ ಸಿಕ್ಕಿದ ಹಾಗೆ ಒಂದು ಮೂಟೆ ತಂದ.

ವಾರದೊಳಗೆ ಪರದೆಗಳು ಕಣ್ಣು ಮುಚ್ಚಿ ತೆರೆಯತೊಡಗಿದವು. ಹತ್ತು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಒಮ್ಮೆ ಇಡೀ ಪರದೆ ಕಪ್ಪು, ಮೂರು ಸೆಕೆಂಡು ಬಿಟ್ಟು ಮತ್ತೆ ಚಿತ್ರ. ತಂತಿಯಣ್ಣ ಒಂದೇ ದಿನದಲ್ಲಿ ಕಾರಣ ಹೇಳಿದರು. ಹಳೆಯದಕ್ಕಿಂತ ನಾಲ್ಕು ಪಟ್ಟು ಚುಕ್ಕಿಗಳು ಸೆಕೆಂಡಿಗೆ ಅರವತ್ತು ಸಲ ಹೋಗಬೇಕು, ಈ ಬಡಕಲು ತಂತಿ ಎಂಟು ಮೀಟರ್ ಅದನ್ನು ಹೊರಲಾರದು. ಭಾಮೈದ ನಕ್ಕುಬಿಟ್ಟ.

"ಭಾವ, ಕೇಬಲ್ ಅಂದ್ರೆ ಕೇಬಲ್. ಸಿಕ್ಕಿಸಿದ್ದು ಸಡಿಲ ಆಗಿರುತ್ತೆ, ಸರಿಯಾಗಿ ಸಿಕ್ಕಿಸಿ."

ಕುಣಿಯಲಾರದವನಿಗೆ ನೆಲ ಡೊಂಕು ಎಂದು ಕಚೇರಿಯಲ್ಲಿ ಗುಸುಗುಸು ಶುರುವಾಯಿತು. ತಂತಿಯಣ್ಣ ತಾತ್ಕಾಲಿಕವಾಗಿ ಅರವತ್ತನ್ನು ಮೂವತ್ತಕ್ಕೆ ಇಳಿಸಿದರು. ಕಪ್ಪಾಗುವುದು ಕಡಿಮೆಯಾಯಿತು, ಆದರೆ ಮೌಸು ಕೆಸರಿನಲ್ಲಿ ನಡೆದಂತೆ ಎಳೆದಾಡತೊಡಗಿತು. ಸಣ್ಣ ಕೊಳವೆಯ ಗೆರೆ ಎಳೆದರೆ ಪಕ್ಕದ ಬೀದಿಗೆ ಹೋಗಿ ನಿಲ್ಲುತ್ತಿತ್ತು. ನಾವೆಲ್ಲ ಬೈದದ್ದು ಯಾರನ್ನು? ತಂತಿಯಣ್ಣನನ್ನೇ.

ಕೊನೆಗೆ ಅವರು ಮುಖ್ಯಸ್ಥರ ಮುಂದೆ ಹೋಗಿ ನಿಂತರು. ಮೇಲಿನ ಕಚೇರಿಯವರು ತಪಾಸಣೆಗೆ ಬರುವ ದಿನ ಹತ್ತಿರವಿತ್ತು, ಸಭಾಕೊಠಡಿಯ ಗೋಡೆಯಲ್ಲೂ ಅದೇ ಜಾತಿಯ ದೊಡ್ಡ ಪರದೆ, ಅಷ್ಟೇ ಉದ್ದದ ಕೇಬಲ್. "ಸರ್, ಅಲ್ಲಿಗೆ ನನ್ನದೇ ಒಂದು ಒಳ್ಳೆ ಕೇಬಲ್ ತಂದು ಹಾಕ್ತೀನಿ. ಸಭೆ ಮುಗಿಯೋವರೆಗೂ ಒಂದು ಸಲ ಕಪ್ಪಾದ್ರೂ ತಪ್ಪು ನನ್ನದೇ, ನನ್ನನ್ನ ಮನೆಗೆ ಕಳಿಸಿ. ಕಪ್ಪಾಗದಿದ್ರೆ ಈ ಮೂಟೇನ ವಾಪಸ್ ಕಳಿಸಿ." ಮುಖ್ಯಸ್ಥರು ಒಪ್ಪಿದರು. ತಂತಿಯಣ್ಣ ಕೇಬಲ್ ಹಾಕಿ ಎರಡು ದಿನ ಚಿತ್ರ ಓಡಿಸಿ ನೋಡಿದರು. ಒಮ್ಮೆಯೂ ಕಪ್ಪಾಗಲಿಲ್ಲ.

ಇನ್ನು ನನ್ನ ವಿಷಯ. ತಪಾಸಣೆಯವರಿಗೆ ತೋರಿಸಬೇಕಾದ ನಕ್ಷೆ ನನ್ನದೇ ಆಗಿತ್ತು, ಹಿಂದಿನ ದಿನ ಮಧ್ಯಾಹ್ನವಾದರೂ ಮುಗಿದಿರಲಿಲ್ಲ. ಮೌಸು ಜಾರುತ್ತಿತ್ತು, ಪರದೆ ಕಪ್ಪಾಗುತ್ತಿತ್ತು, ನನಗೆ ಅಳು ಬರುತ್ತಿತ್ತು. ನನ್ನ ಕೆಲಸ ಕಾಯಂ ಆಗಲು ನಾಲ್ಕು ತಿಂಗಳು ಬಾಕಿ. ಎಲ್ಲರೂ ಊಟಕ್ಕೆ ಹೋದಾಗ ಸಭಾಕೊಠಡಿಗೆ ಹೋಗಿ, ಚಾಪೆಯ ಕೆಳಗಿದ್ದ ತಂತಿಯಣ್ಣನ ಕೇಬಲನ್ನು ತಂದು ನನ್ನ ಮೇಜಿಗೆ ಹಾಕಿಕೊಂಡೆ, ನನ್ನದನ್ನು ಅಲ್ಲಿ ಸಿಕ್ಕಿಸಿದೆ. ಎರಡೂ ಕಪ್ಪು, ಎರಡರ ಮೂತಿಯೂ ಒಂದೇ. ಸಂಜೆ ವಾಪಸು ಹಾಕಿದರಾಯಿತು ಎಂದುಕೊಂಡೆ. ಮೂವತ್ತನ್ನು ಮತ್ತೆ ಅರವತ್ತಕ್ಕೆ ಏರಿಸಿದ ಕೂಡಲೇ ಮೌಸು ನೀರಿನಂತೆ ಓಡಿತು, ನಕ್ಷೆ ಮುಗಿಯಿತು. ಸಂಜೆ ಎದ್ದು ನೋಡಿದರೆ ಸಭಾಕೊಠಡಿಗೆ ಬೀಗ ಬಿದ್ದಿತ್ತು, ಜವಾನ ಕೀಲಿಯೊಂದಿಗೆ ಮನೆಗೆ ಹೋಗಿದ್ದ.

ತಂತಿಯಣ್ಣನಿಗೆ ಫೋನು ಮಾಡಬಹುದಿತ್ತು. ಬೈಸಿಕೊಳ್ಳಬೇಕಾಗುತ್ತದೆ ಎಂದು ಮಾಡಲಿಲ್ಲ. ಬೆಳಿಗ್ಗೆ ಬೇಗ ಬಂದೆ. ನನಗಿಂತ ಬೇಗ ತಪಾಸಣೆಯ ಅತಿಥಿಗಳು ಬಂದಿದ್ದರು.

ಸಭೆ ಶುರುವಾದ ಹನ್ನೆರಡನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಮತ್ತೆ ಬಂತು. ಮತ್ತೆ ಕಪ್ಪಾಯಿತು. ಒಟ್ಟು ಐದು ಸಲ. ಗೋಡೆಗೆ ಒರಗಿ ನಿಂತಿದ್ದ ತಂತಿಯಣ್ಣನ ಮುಖವನ್ನು ನಾನು ನೋಡಲಿಲ್ಲ, ನನ್ನ ಕಾಲು ನೋಡುತ್ತಾ ಕೂತಿದ್ದೆ.

ಅತಿಥಿಗಳು ಹೋದ ಮೇಲೆ ಅವರು ಚಾಪೆ ಎತ್ತಿ, ಕೇಬಲಿನ ಮೈಮೇಲಿನ ಸಣ್ಣ ಅಕ್ಷರ ಓದಿದರು. "ಸರ್, ಇದು ನಾನು ಹಾಕಿದ್ದಲ್ಲ." ಒಂದೊಂದೇ ಮೇಜಿನ ಕೆಳಗೆ ಹೊಕ್ಕು ನೋಡುತ್ತಾ ಬಂದು ನನ್ನ ಮೇಜಿನ ಕೆಳಗೆ ನಿಂತುಬಿಟ್ಟರು. ಎದ್ದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಉತ್ತರ ಸಿಕ್ಕಿದ ನೆಮ್ಮದಿ ಇತ್ತು. "ಇಲ್ಲಿದೆ ಸರ್. ತಂಗಿ ಬದಲಾಯಿಸಿಕೊಂಡಿದ್ದಾಳೆ ಅಷ್ಟೇ. ಹೇಳಮ್ಮ, ಹೆದರಬೇಡ."

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಇಲ್ಲ ಸರ್. ಇದು ಮೊದಲಿಂದ ಇಲ್ಲೇ ಇತ್ತು."

ಎಷ್ಟು ಸಲೀಸಾಗಿ ಬಂತು ಆ ಮಾತು! ಭಾಮೈದ ಮುಂದೆ ಬಂದು ಭಾವನ ಹೆಗಲ ಮೇಲೆ ಕೈ ಇಟ್ಟ. "ಭಾವ, ಸೋತಿದ್ದು ಸೋತಾಯ್ತು. ಪಾಪ, ಆ ಹೆಣ್ಣುಮಗಳನ್ನ ಯಾಕೆ ಎಳೀತೀರಿ?" ತಂತಿಯಣ್ಣ ನನ್ನನ್ನು ಒಮ್ಮೆ ನೋಡಿದರು, ಮಂಡಿಯ ಧೂಳು ಕೊಡವಿಕೊಂಡು ಹೊರಗೆ ನಡೆದರು. ಅವರನ್ನು ಮನೆಗೆ ಕಳಿಸಿದ ಪತ್ರದಲ್ಲಿ ಎರಡು ಕಾರಣ ಬರೆದಿದ್ದರು. ಒಂದು ಕೆಲಸದಲ್ಲಿ ನಿರ್ಲಕ್ಷ್ಯ, ಇನ್ನೊಂದು ಸಹೋದ್ಯೋಗಿಯ ಮೇಲೆ ಸುಳ್ಳು ಆರೋಪ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು.

ಎರಡು ತಿಂಗಳಿಗೆ ಕೇಬಲುಗಳೆಲ್ಲ ಬದಲಾದವು, ತಂತಿಯಣ್ಣ ಹೇಳಿದ ಜಾತಿಯವೇ ಬಂದವು. ಸಮಸ್ಯೆ ಕಂಡುಹಿಡಿದದ್ದಕ್ಕೆ ಭಾಮೈದನಿಗೆ ಮೆಚ್ಚುಗೆಯ ಪತ್ರ ಸಿಕ್ಕಿತು. ಇನ್ನೆರಡು ತಿಂಗಳಿಗೆ ನಾನು ಕಾಯಂ ಆದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ದಿನವೂ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಇನ್ನು ತಡೆಯಲಾರೆ, ಹೇಳಿಯೇ ಬಿಡುತ್ತೇನೆ ಎಂದು ಒಂದು ಭಾನುವಾರ ಅವರ ಮನೆಗೆ ಹೋದೆ.

ಬಾಗಿಲು ತೆಗೆದದ್ದು ಅವರ ಹೆಂಡತಿ. ಚಿಕ್ಕ ಪಡಸಾಲೆ, ಎರಡು ಪ್ಲಾಸ್ಟಿಕ್ ಕುರ್ಚಿ. ಕಿಟಕಿಯ ಬಳಿ ತಂತಿಯಣ್ಣ ಯಾರದೋ ಹಳೆಯ ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ನಾನು ಯಾರೆಂದು ಹೇಳಿದ ಕೂಡಲೇ ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀನೇನಮ್ಮ ಅದು? ನನ್ನ ತಮ್ಮ ಎಲ್ಲಾ ಹೇಳ್ದ. ಇಪ್ಪತ್ತೆರಡು ವರ್ಷ ಮರ್ಯಾದೆಯಿಂದ ಇದ್ದೋರು, ಕೊನೇಲಿ ತಮ್ಮ ತಪ್ಪನ್ನ ಒಂದು ಹೆಣ್ಣಿನ ತಲೆಗೆ ಕಟ್ಟೋಕೆ ಹೋದ್ರಲ್ಲ. ನನಗೆ ಮುಖ ಎತ್ತೋಕಾಗ್ತಿಲ್ಲ. ಅವರು ಕೇಳಲ್ಲ, ಅವರ ಪರವಾಗಿ ನಾನೇ ಕೇಳ್ತೀನಿ, ಕ್ಷಮಿಸಿಬಿಡಮ್ಮ."

ತಂತಿಯಣ್ಣ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಬೇಕಾಗಿದ್ದುದು ನಾಲ್ಕೇ ಮಾತು. ಅದಕ್ಕೆಂದೇ ಎರಡು ಬಸ್ಸು ಬದಲಾಯಿಸಿ ಬಂದಿದ್ದೆ. ಆ ಹೆಂಗಸಿನ ಕೈ ಬೆಚ್ಚಗಿತ್ತು, ಕಣ್ಣು ತುಂಬಿತ್ತು.

"ಇರಲಿ ಬಿಡಿ ಅಕ್ಕ," ಎಂದೆ. "ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."