ಮೂರನೇ ಸಲ ಕೈ ಹಿಂತೆಗೆಯುವ ಮಾರ್ಗರೆಟ್

೨೦೦೪ರ ಜನವರಿ, ಬೆಳಗಿನ ಆರೂವರೆ. ಹೊರಗೆ ಇನ್ನೂ ಕತ್ತಲೆ. ಲಂಡನ್ನಿನ ಎಜ್‌ವೇರ್‌ನ ಚರ್ಚ್ ಹಾಲಿನಲ್ಲಿ ಹೀಟರ್ ಬಿಸಿಯಾಗಿಲ್ಲ. ಗೋಡೆ ಬದಿಯ ಚಾಪೆಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಪಕ್ಕದಲ್ಲಿ ಮೊಣಕಾಲೂರಿದ ಮಾರ್ಗರೆಟ್, ಅಂಗೈಯ ಬುಡದಿಂದ ಅವರ ಸೊಂಟವನ್ನು ನಿಧಾನವಾಗಿ ಒತ್ತುತ್ತಾರೆ. ಬಿಗಿದ ಸ್ನಾಯು ಸಡಿಲವಾದಾಗ ಮಲಗಿದವರ ಬಾಯಿಂದ ನಿಟ್ಟುಸಿರು ಬರುತ್ತದೆ.

ಇಲ್ಲಿಗೆ ಬರುವವರೆಲ್ಲ ವಯಸ್ಸಾದ ಮೇಲೆ ಬ್ಯಾಲೆ ಕಲಿಯಲು ಹೊರಟವರು. ಬ್ಯಾಂಕಿನವರು, ಟೀಚರುಗಳು, ನರ್ಸುಗಳು. ಕೆಲಸಕ್ಕೆ ಹೋಗುವ ಮುನ್ನ ಒಂದು ಗಂಟೆ ತರಗತಿ. ಪಾದ ಹೊರಕ್ಕೆ ತಿರುಗಿಸಿ ನಿಲ್ಲಬೇಕು, ಆ ತಿರುವು ಸೊಂಟದ ಕೀಲಿನಿಂದಲೇ ಬರಬೇಕು. ನಲವತ್ತರ ನಂತರ ಕೀಲು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಕಷ್ಟವೆಲ್ಲ ಬೆನ್ನಿಗೆ. ತರಗತಿಗೆ ಮುನ್ನ ಆ ಬೆನ್ನುಗಳನ್ನು ಸಡಿಲಿಸುವುದು ಮಾರ್ಗರೆಟ್ ಅವರ ಕೆಲಸ: ವಾರಕ್ಕೆ ನಾಲ್ಕು ದಿನ, ದಿನಕ್ಕೆ ಆರೇಳು ಬೆನ್ನು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಎಂಟೂವರೆಗೆ ಮಾರ್ಗರೆಟ್ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿರಬೇಕು. ಅಲ್ಲಿ ಅವರು ಸಹಾಯಕಿ.

ಹುಟ್ಟೂರು ಉಡುಪಿಯ ಹತ್ತಿರದ ಕಲ್ಯಾಣಪುರ. "ಅಮ್ಮ ಬಾಣಂತಿಯರಿಗೆ ಎಣ್ಣೆ ಹಚ್ಚಲಿಕ್ಕೆ ಹೋಗ್ತಿದ್ರು. ನಾನು ನೋಡಿ ಕಲ್ತದ್ದು" ಎನ್ನುತ್ತಾರೆ. ಮದುವೆಯಾಗಿ ೧೯೯೧ರಲ್ಲಿ ಇಲ್ಲೇ ಹತ್ತಿರದ ಕೊಲಿಂಡೇಲ್‌ಗೆ ಬಂದರು. ಆಸ್ಪತ್ರೆಯಲ್ಲಿ ಮೊದಲ ಐದು ವರ್ಷ ನೆಲ ಒರೆಸಿದರು.

ಅದೇ ಆಸ್ಪತ್ರೆಯಲ್ಲಿ ಧಾರವಾಡದ ವತ್ಸಲಾ ಮಕ್ಕಳ ಡಾಕ್ಟರಾಗಿದ್ದರು. ನಲವತ್ತಾರನೇ ವಯಸ್ಸಿನಲ್ಲಿ ಬ್ಯಾಲೆ ಸೇರಿದ ಅವರೇ ಮಾರ್ಗರೆಟ್ ಅವರನ್ನು ಈ ಹಾಲಿಗೆ ಕರೆತಂದದ್ದು. ೧೯೯೯ರ ಚಳಿಗಾಲ ಪೂರ್ತಿ ವತ್ಸಲಾ ಅವರಿಗೆ ಸೊಂಟದ ಎಡಗಡೆ ನೋವು. ಪ್ರತಿ ವಾರ ಅದೇ ಜಾಗ.

"ನಿಮ್ಮ ಕೈ ಬಿದ್ರ ಸಾಕ್ರಿ ಮಾರ್ಗರೆಟ್, ನಾಕು ದಿನ ಆರಾಮ ಇರ್ತೀನಿ" ಎನ್ನುತ್ತಿದ್ದರಂತೆ ವತ್ಸಲಾ.

ಆ ನೋವು ಸ್ನಾಯುವಿನದಲ್ಲ ಎಂದು ಮಾರ್ಗರೆಟ್ ಅವರ ಕೈಗೆ ಅನುಮಾನ ಬಂದಿತ್ತು. ಆದರೂ ಹೇಳಲು ಬಾಯಿ ಬರಲಿಲ್ಲ. "ಅವರು ಡಾಕ್ಟ್ರು. ನಾನು ನೆಲ ಒರೆಸಿದವಳು. ಅವರಿಗೆ ನಾನು ಎಂತ ಹೇಳುವುದು? ಒತ್ತಿದೆ. ಹನ್ನೊಂದು ವಾರ ಒತ್ತಿದೆ."

ಹನ್ನೆರಡನೇ ವಾರ ವತ್ಸಲಾ ಬರಲಿಲ್ಲ. ಮನೆಯ ಮೆಟ್ಟಿಲಲ್ಲಿ ಸೊಂಟದ ಮೂಳೆ ಮುರಿದಿತ್ತು. ಸ್ತನದ ಕ್ಯಾನ್ಸರ್ ಇದೆ, ಅದು ಮೂಳೆಗೂ ಇಳಿದಿದೆ ಎಂದು ಗೊತ್ತಾದದ್ದು ಆಗಲೇ.

ಮಾರ್ಗರೆಟ್ ವಾರ್ಡಿಗೆ ಹೋದರು, ಇಡೀ ವಿಷಯ ಹೇಳಿಕೊಂಡು ಅತ್ತರು. ವತ್ಸಲಾ, "ನನಗೂ ಅನುಮಾನ ಇತ್ರಿ. ಅಂಜಿಕಿ ಆಗಿತ್ತು. ನಿಮ್ಮ ಕಡೆ ಬಂದ್ರ ಮರೀತಿದ್ದೆ" ಎಂದರು. ಆಮೇಲೆ, ಒಮ್ಮೆ ಕೈ ಇಡಿ ಎಂದು ಕೇಳಿದರು.

"ಒತ್ತಲಿಲ್ಲ. ಸುಮ್ಮನೆ ಇಟ್ಟೆ, ಅಷ್ಟೆ" ಎನ್ನುವಾಗ ಮಾರ್ಗರೆಟ್ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಮುಂದಿನ ಮಾರ್ಚ್ ತಿಂಗಳಲ್ಲಿ ವತ್ಸಲಾ ತೀರಿಕೊಂಡರು.

ಆರು ತಿಂಗಳು ಮಾರ್ಗರೆಟ್ ಹಾಲಿನ ಕಡೆ ಸುಳಿಯಲಿಲ್ಲ. ಮರಳಿ ಬಂದಾಗ ಒಂದು ನಿಯಮ ತಂದರು: ಅದೇ ಜಾಗ, ಅದೇ ನೋವು ಮೂರನೇ ಸಲ ಬಂದರೆ ಮುಟ್ಟುವುದಿಲ್ಲ. ಮೊದಲು ಜಿಪಿಗೆ, ಅಂದರೆ ತಮ್ಮ ಬಡಾವಣೆಯ ಡಾಕ್ಟರಿಗೆ, ತೋರಿಸಿ ಬರಬೇಕು. ಹೋದ ವರ್ಷ ಒಂಬತ್ತು ಜನರನ್ನು ಹೀಗೆ ಕಳುಹಿಸಿದರು. ಎಂಟು ಜನರಿಗೆ ಏನೂ ಇರಲಿಲ್ಲ, ಬರೀ ಸ್ನಾಯುವಿನ ಹಿಡಿತ. ಅವರಲ್ಲಿ ಐವರು ಸಿಟ್ಟಾಗಿ ಬೇರೆ ಕಡೆ ಹೋದರು. ಒಂಬತ್ತನೆಯವರು, ಸ್ಟ್ಯಾನ್ಮೋರ್‌ನ ಶಾಲೆಯೊಂದರ ಟೀಚರ್, ಇಂದು ಎಂಬವರು, ಈಗ ಚಿಕಿತ್ಸೆಯಲ್ಲಿದ್ದಾರೆ. ಗುಣವಾಗುತ್ತದೆಯೋ ಇಲ್ಲವೋ, ಇನ್ನೂ ಯಾರೂ ಹೇಳಿಲ್ಲ.

ತರಗತಿ ಶುರುವಾಗುತ್ತದೆ. ಮಾರ್ಗರೆಟ್ ಚಾಪೆ ಸುತ್ತಿ, ಕೋಟು ಹಾಕಿಕೊಂಡು ಟ್ಯೂಬ್ ಸ್ಟೇಷನ್ನಿನ ಕಡೆ ಹೊರಡುತ್ತಾರೆ. ಹೀಗೆ ಕಳುಹಿಸುತ್ತಾ ಹೋದರೆ ಬರುವವರೇ ಇಲ್ಲವಾಗುತ್ತಾರಲ್ಲ ಎಂದು ಕೇಳಿದೆ.

"ಬೈಕೊಂಡು ಹೋಗ್ತಾರೆ, ಗೊತ್ತುಂಟು. ಬೈಲಿ ಮಾರಾಯ್ರೆ. ಬದುಕಿ ಬೈಲಿ."