ಬಚ್ಚಲೊಲೆಯ ಹೊಗೆ ಮತ್ತು ನನ್ನ ಟಿಎಸ್‌ಎಚ್

ಏಪ್ರಿಲ್ ತಿಂಗಳ ಸೆಕೆಯಲ್ಲಿ ನನಗೆ ಚಳಿಯಾಗತೊಡಗಿತು. ಆಫೀಸಿನಲ್ಲಿ ಉಳಿದವರು ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡರೆ ನಾನು ಶಾಲು ಹೊದ್ದು ಕೂರುತ್ತಿದ್ದೆ. ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಆಗ ಗರ್ಭಕ್ಕೆ ಎರಡು ತಿಂಗಳಾಗಿತ್ತಷ್ಟೆ. ಬಸುರಿಗೆ ಇದೆಲ್ಲ ಇರುವುದೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ತೀರ್ಪು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಅದಕ್ಕೆ ಒಂದು ವರ್ಷ ಮೊದಲು ಒಂದು ಬಸಿರು ಹೋಗಿತ್ತು. ಸ್ಕ್ಯಾನಿಂಗ್‌ನಲ್ಲಿ ಹೃದಯದ ಬಡಿತ ಕಾಣಲಿಲ್ಲ. ಆಮೇಲೆ ಮನೆಯಲ್ಲಿ ಆ ಸುದ್ದಿ ಯಾರೂ ಎತ್ತಲಿಲ್ಲ. ಗಂಡ ಹರೀಶ ಎತ್ತಲಿಲ್ಲ, ಅತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಾಗಾಗಿ ಈ ಸಲದ ಹೆದರಿಕೆಯನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ಹಗಲು ಮಾತ್ರ ಗಟ್ಟಿಗಿತ್ತಿಯ ಹಾಗೆ ಓಡಾಡುತ್ತಿದ್ದೆ.

ಇಚಿಲಂಪಾಡಿಯ ನಮ್ಮ ಮನೆಯವರದ್ದು ರಬ್ಬರ್ ಕೃಷಿ. ಅಡುಗೆ ಗ್ಯಾಸಿನಲ್ಲಿ. ಸ್ನಾನದ ನೀರಿಗೆ ಬಚ್ಚಲಲ್ಲಿ ಹಂಡೆ, ಅದರಡಿಯಲ್ಲಿ ಕಟ್ಟಿಗೆಯ ಒಲೆ. ನನಗೆ ಚಳಿ ಶುರುವಾದ ಮೇಲೆ ಆ ಒಲೆಯ ಉಸ್ತುವಾರಿ ನಾನೇ ವಹಿಸಿಕೊಂಡೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಣೆ ಹಾಕಿಕೊಂಡು ಬೆಂಕಿಯ ಮುಂದೆ ಕೂರುವುದು. ಬೆಂಕಿ ಹಿಡಿಸಲು ವರ್ಷಗಳಿಂದ ಆ ಮನೆಯಲ್ಲಿ ಬಳಸುವುದು ಹಳೆಯ ರೈನ್‌ಗಾರ್ಡ್ ಪ್ಲಾಸ್ಟಿಕ್. ಮಳೆಗಾಲದಲ್ಲಿ ರಬ್ಬರ್ ಹಾಲು ತೆಗೆಯುವ ಜಾಗಕ್ಕೆ ನೀರಿಳಿಯದಂತೆ ಮರದ ಸುತ್ತ ಟಾರಿನಂಥ ಅಂಟು ಬಳಿದು ಪ್ಲಾಸ್ಟಿಕ್ ಕಟ್ಟುತ್ತಾರೆ. ಮಳೆ ಮುಗಿದ ಮೇಲೆ ಬಿಚ್ಚಿದ್ದು ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಬೀಳುತ್ತದೆ. ಕಡ್ಡಿ ಗೀರಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತದೆ. ಬಸುರಿ ಹೆಂಗಸು ಕೊಳವೆ ಹಿಡಿದು ಊದುವುದು ಬೇಡವೆಂದು ಅತ್ತೆ ಅದನ್ನು ಸಣ್ಣ ಸಣ್ಣ ಸುರುಳಿ ಮಾಡಿ ನನಗೆಂದೇ ಒಲೆಯ ಪಕ್ಕ ಇಡುತ್ತಿದ್ದರು.

ನಾನು ಪಂಚಾಯತಿಯಲ್ಲಿ ಕಂಪ್ಯೂಟರ್ ಆಪರೇಟರ್. ಪ್ಲಾಸ್ಟಿಕ್ ಸುಟ್ಟರೆ ದಂಡ ಎಂಬ ನೋಟಿಸನ್ನು ಟೈಪ್ ಮಾಡಿ ಗೋಡೆಗೆ ಅಂಟಿಸಿದವಳೂ ನಾನೇ. ಅದು ಊರವರಿಗೆ ಹೇಳಿದ್ದು ಎಂದುಕೊಂಡಿದ್ದೆ.

ಪುತ್ತೂರಿನ ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು.

ಟಿಎಸ್‌ಎಚ್ ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ.

ಥೈರಾಯ್ಡ್ ನಿಧಾನವಾಗಿದೆ, ಚಳಿ ಅದರಿಂದಲೇ, ಅದನ್ನು ಚುರುಕು ಮಾಡಲೆಂದೇ ಮೈ ಟಿಎಸ್‌ಎಚ್ ಏರಿಸಿದೆ ಎಂದರು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನ ಬಲದಲ್ಲಿ, ಅದು ತೀರಾ ಕಡಿಮೆಯಾದರೆ ಗರ್ಭ ನಿಲ್ಲದೆಯೂ ಹೋಗಬಹುದು ಎಂದು ಬಿಡಿಸಿ ಹೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಅಡುಗೆ ಯಾವುದರಲ್ಲಿ, ಹೊಗೆ ಇದೆಯಾ ಎಂದೂ ಕೇಳಿದರು. ಗ್ಯಾಸು ಎಂದೆ. ಬಚ್ಚಲಿನ ಒಲೆ ನೆನಪಿಗೇ ಬರಲಿಲ್ಲ.

ತಿಂಗಳು ಬಿಟ್ಟು ನೋಡಿದಾಗ ಟಿಎಸ್‌ಎಚ್ ಇಳಿದಿತ್ತು, ಆದರೆ ಸಾಕಷ್ಟು ಅಲ್ಲ. ಮಾತ್ರೆ ಹೆಚ್ಚಿಸಿದರು. ಬಿಪಿ ನೋಡಲು ಹತ್ತಿರ ಬಂದವರು ಹಾಗೇ ನಿಂತರು.

"ನಿಮ್ಮ ಕೂದಲಲ್ಲಿ ಟಾರಿನ ವಾಸನೆ ಎಂತದು?"

ಹೇಳಿದೆ. ಬೆಂಕಿ ಎಷ್ಟು ಬೇಗ ಹಿಡಿಯುತ್ತದೆ ಎಂಬುದನ್ನೂ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಬೈಯಲಿಲ್ಲ. ಪ್ಲಾಸ್ಟಿಕ್ ಮತ್ತು ಟಾರಿನ ಹೊಗೆಯಲ್ಲಿರುವ ಕೆಲವು ವಿಷಗಳು ಮೈಯೊಳಗೆ ಸೇರಿ ಹಾರ್ಮೋನುಗಳ ಕೆಲಸಕ್ಕೆ ಅಡ್ಡ ಬರುತ್ತವೆ ಎಂದರು. ನಿದ್ದೆ ಬರುವುದಿಲ್ಲ ಎಂದೂ ಹೇಳಿದೆ. ಹೆದರಿಕೆಯಿಂದ, ನಿದ್ದೆಗೇಡಿನಿಂದ ಇನ್ನೊಂದು ಹಾರ್ಮೋನ್ ಏರುತ್ತದೆ, ಅದೂ ಉಳಿದವನ್ನು ಎಳೆದಾಡುತ್ತದೆ ಎಂದರು.

"ಇದರಿಂದಲೇ ನಿಮಗೆ ಥೈರಾಯ್ಡ್ ಬಂತು ಅಂತ ನಾನು ಹೇಳುದಿಲ್ಲ. ಹಾಗೆ ಹೇಳ್ಲಿಕ್ಕೆ ಯಾರಿಗೂ ಆಗುದಿಲ್ಲ. ಆದರೆ ಹೊಗೆ ನಿಲ್ಲಿಸ್ಲಿಕ್ಕೆ ನಿಮಗೆ ಆಗ್ತದೆ ಅಲ್ವಾ?"

ವಾಪಸು ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಥೈರಾಯ್ಡ್ ನಿಧಾನವಾಗಿ ಚಳಿ ಬಂತು, ಚಳಿಗೆಂದು ನಾನು ಹೊಗೆಯ ಮುಂದೆ ಹೋಗಿ ಕೂತೆ. ಕಾಯಿಲೆಯೇ ನನ್ನ ಕೈಹಿಡಿದು ಅಲ್ಲಿ ಕೂರಿಸಿತ್ತು. ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತು ಪ್ಲಾಸ್ಟಿಕ್ ಸುರುಳಿ ಸುತ್ತುತ್ತಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರ ಕೈ ನಿಂತಿತು.

"ಮೊದಲಿನದ್ದೂ ಇದರಿಂದಲೇ ಹೋದದ್ದಾ?"

ಒಂದು ವರ್ಷದಲ್ಲಿ ಆ ಮನೆಯೊಳಗೆ ಅದರ ಬಗ್ಗೆ ಬಂದ ಮೊದಲ ಮಾತು ಅದು. ಬಸ್ಸಿನಲ್ಲಿ ನನ್ನನ್ನು ತಿಂದದ್ದೂ ಅದೇ ಪ್ರಶ್ನೆ.

"ಗೊತ್ತಿಲ್ಲ ಅತ್ತೆ. ಡಾಕ್ಟರಿಗೂ ಗೊತ್ತಿಲ್ಲ."

"ಸುರುಳಿ ಮಾಡಿ ಇಟ್ಟದ್ದು ನಾನಲ್ವಾ."

ಸುಟ್ಟದ್ದು ನಾನು ಎಂದೆ. ಇಬ್ಬರೂ ಅತ್ತೆವು, ನಾಚಿಕೆಯಿಲ್ಲದೆ, ಮೂಗು ಸೀಟಿಕೊಂಡು. ನಿನಗೆ ನೋವಾದೀತು ಎಂದು ಇಷ್ಟು ದಿನ ಸುಮ್ಮನಿದ್ದೆ ಎಂದರು. ನಾನು ಸುಮ್ಮನಿದ್ದದ್ದೂ ಅವರಿಗೆ ನೋವಾದೀತು ಎಂದೇ. ಆ ದಿನ ಮಧ್ಯಾಹ್ನ ನನಗೆ ಎರಡು ಗಂಟೆ ಗಟ್ಟಿ ನಿದ್ದೆ ಬಂತು.

ಮರುದಿನ ಹರೀಶ ಅಷ್ಟೂ ಪ್ಲಾಸ್ಟಿಕ್ಕನ್ನು ಗೋಣಿಗೆ ತುಂಬಿಸಿ ಪಂಚಾಯತಿಯ ಕಸದ ಗಾಡಿಗೆ ಹಾಕಿದ. ಒಲೆಗೆ ತೆಂಗಿನ ಒಣಮಡಲು ಬಂತು, ಆದರೆ ಆ ಹೊಗೆಯ ಹತ್ತಿರವೂ ಅತ್ತೆ ನನ್ನನ್ನು ಬಿಡಲಿಲ್ಲ. ಮೇ ಮುಗಿಯುವ ತನಕ ನಾನು ಸ್ವೆಟರ್ ಹಾಕಿಕೊಂಡು ಆಫೀಸಿಗೆ ಹೋದೆ. ನಕ್ಕವರಿಗೆ ಕಾರಣ ಹೇಳಿದೆ. ಅವರ ಪೈಕಿ ಇಬ್ಬರು ಮೆಲ್ಲಗೆ, ನಮ್ಮಲ್ಲೂ ಅದನ್ನೇ ಸುಡುವುದು ಎಂದರು.

ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಹತೋಟಿಗೆ ಬಂದಿತ್ತು. ಡಾಕ್ಟರು ಹೆಚ್ಚಿನ ಮಾರ್ಕು ಮಾತ್ರೆಗೇ ಕೊಟ್ಟರು. ನಾನೂ ಒಪ್ಪುತ್ತೇನೆ. ಹೊಗೆ ಹೋದದ್ದಕ್ಕೆ, ನಿದ್ದೆ ಬಂದದ್ದಕ್ಕೆ ಎಷ್ಟು ಪಾಲು ಎಂದು ಹಂಚಲು ನನ್ನಿಂದಾಗದು. ಮಾಡಬೇಕಾದ್ದರಲ್ಲಿ ಯಾವುದನ್ನೂ ಬಿಡಲಿಲ್ಲ ಎಂಬುದಷ್ಟೇ ನನಗೆ ಗೊತ್ತಿರುವುದು.

ಮಗಳು ಹುಟ್ಟಿದಳು. ಹಿಮ್ಮಡಿಗೆ ಸೂಜಿ ಚುಚ್ಚಿ ಅವಳ ಥೈರಾಯ್ಡ್ ಪರೀಕ್ಷೆಗೂ ರಕ್ತ ತೆಗೆದರು. ರಿಪೋರ್ಟ್ ಬರುವ ತನಕ ನಾನು ಸರಿಯಾಗಿ ಊಟ ಮಾಡಲಿಲ್ಲ.

ನಾರ್ಮಲ್.

ಈಗ ಅವಳಿಗೆ ಐದು ತಿಂಗಳು. ನನ್ನ ಮಾತ್ರೆ ನಡೆಯುತ್ತಿದೆ, ಇನ್ನೂ ಬಹಳ ಕಾಲ ನಡೆಯಬಹುದು. ಅದಕ್ಕೆ ನನ್ನ ತಕರಾರಿಲ್ಲ. ಹೋದ ವಾರ ಕಡಬದಿಂದ ನೆಂಟರೊಬ್ಬರು ಮಗು ನೋಡಲು ಬಂದಿದ್ದರು. ನಾನು ಒಳಗೆ ಹಾಲು ಕುಡಿಸುತ್ತಿದ್ದೆ. ಸೊಸೆಗೆ ಇದು ಮೊದಲನೇದಲ್ವಾ ಎಂದು ಅವರು ಅತ್ತೆಯನ್ನು ಕೇಳಿದ್ದು ಕೇಳಿಸಿತು.

"ಅಲ್ಲ, ಎರಡನೇದು" ಎಂದರು ಅತ್ತೆ. "ಮೊದಲಿನದ್ದು ನಮಗೆ ದಕ್ಕಲಿಲ್ಲ."